ಮಣೆಯಿಲ್ಲದೆ ಹತ್ತುವ ಕಾರು

ನಸುಕು ಹರಿಯುವ ಮೊದಲು ಹಾಜಿರಾ ಬೀ ಮುಗಿಸಬೇಕಾದ ಕೆಲಸಗಳು ಇಷ್ಟು: ಬಾವಿಯಿಂದ ಎಂಟು ಕೊಡ ನೀರು ಸೇದುವುದು. ಅದರಲ್ಲಿ ಎರಡನ್ನು ಗಂಡ ಜಹಾಂಗೀರನ ಸ್ನಾನಕ್ಕೆ ಒಲೆಯ ಮೇಲಿಟ್ಟು, ಒಂದನ್ನು ಕಾರಿನ ರೇಡಿಯೇಟರಿಗೆಂದು ಬೇರೆ ಇಡುವುದು. ಆಡಿನ ಹಾಲು ಕರೆಯುವುದು. ಎರಡು ಸೇರು ರಾಗಿ ಬೀಸುವುದು. ಹಿಂದಿನ ದಿನದ ಎಣ್ಣೆ ಮೆತ್ತಿದ ಖಾಕಿ ಅಂಗಿಯನ್ನು ಚೌಳುಮಣ್ಣಿನ ನೀರಿನಲ್ಲಿ ಅದ್ದಿಡುವುದು. ಅಂಗಳ ಗುಡಿಸುವುದು. ಕಾರಿನ ಮೈ, ಸೀಟು, ಗಾಜು ಒರೆಸುವುದು. ಕೊನೆಗೆ, ನಾಲ್ಕು ಟೈರುಗಳ ಮುಂದೆ ಒಂದೊಂದಾಗಿ ಕುಕ್ಕರಗಾಲಲ್ಲಿ ಕೂತು, ಅಂಗೈಯನ್ನು ಒಳಅಂಚಿನಿಂದ ಹೊರಕ್ಕೆ, ಮತ್ತೆ ಹೊರಅಂಚಿನಿಂದ ಒಳಕ್ಕೆ ಸವರುವುದು.

ಈ ಕೊನೆಯ ಕೆಲಸವನ್ನು ಯಾರೂ ಅವಳಿಗೆ ಹೇಳಿರಲಿಲ್ಲ. ಉಳಿದವನ್ನೂ ಯಾರೂ ಹೇಳಿರಲಿಲ್ಲ ಅನ್ನಿ, ಹೇಳದೆಯೇ ಅವಳವಾಗಿದ್ದವು. ಮದ್ದೂರಿನ ರೈಲು ಸ್ಟೇಷನ್ನಿನ ಬಳಿ ಸಂಸಾರ ಹೇಗೆ ನಡೆಯುತ್ತದೆಂದು ಯಾರಾದರೂ ಕೇಳಿದರೆ ಜಹಾಂಗೀರ್, “ಇರೋದು ಇಬ್ರು, ದುಡಿಯೋನು ಒಬ್ಬ” ಎನ್ನುತ್ತಿದ್ದ. ಸುಳ್ಳು ಹೇಳುವ ಮನುಷ್ಯನಲ್ಲ ಅವನು. ಅವನು ಏಳುವ ಹೊತ್ತಿಗೆ ಅವಳ ದುಡಿಮೆಯ ಮುಕ್ಕಾಲು ಪಾಲು ಮುಗಿದಿರುತ್ತಿತ್ತು. ಅವನು ಕಂಡಿರಲಿಲ್ಲ, ಅಷ್ಟೆ.

ಕಾರು ಹಸಿರು ಬಣ್ಣದ್ದು, ಬಟ್ಟೆಯ ಮಾಡಿನದು. ಯುದ್ಧ ಶುರುವಾಗುವ ಹಿಂದಿನ ವರ್ಷ ಮೈಸೂರಿನ ಒಬ್ಬ ದೊರೆಯ ಮನೆಯಿಂದ ಹಳೆಯದಾಗಿಯೇ ಬಂದದ್ದು. ರಿಪೇರಿ ಕೆಲಸ ಬಲ್ಲ ಜಹಾಂಗೀರ್ ಅದನ್ನು ಮದ್ದೂರಿನಿಂದ ಮಳವಳ್ಳಿಗೆ ಬಾಡಿಗೆಗೆ ಓಡಿಸುತ್ತಿದ್ದ. ರೈಲಿಳಿದವರು ಬಸ್ಸು ತಪ್ಪಿದರೆ ಅವನ ಕಾರು ಹತ್ತುವರು; ನಡುದಾರಿಯ ದೊಡ್ಡಿ ಎಂಬ ಊರಿನಲ್ಲಿ ಕೆಲವರು ಇಳಿದು, ಮಿಕ್ಕವರು ಮಳವಳ್ಳಿ ಸೇರುವರು. ಬೇಟೆಗೆ ಹೋಗುವವರಿಗೆಂದು ಮಾಡಿದ ಕಾರಾದ್ದರಿಂದ ಅದರ ಕಮಾನುಪಟ್ಟಿಗಳು, ಅಂದರೆ ಅಚ್ಚಿನ ಮೇಲೆ ಇಡೀ ಗಾಡಿಯನ್ನು ಹೊರುವ ಬಾಗಿದ ಉಕ್ಕಿನ ಪಟ್ಟಿಗಳು, ಒಂದರ ಮೇಲೊಂದು ಒಂಬತ್ತಿದ್ದವು. ಗಾಡಿ ಒಂಟೆಯ ಹಾಗೆ ಎತ್ತರ ನಿಲ್ಲುತ್ತಿತ್ತು. ಗಂಡಸರು ಬಾಗಿಲು ಹಿಡಿದು ಒಂದೇ ಜಿಗಿತಕ್ಕೆ ಹತ್ತುವರು. ಹೆಂಗಸರಿಗೆ ಜಹಾಂಗೀರ್ ಒಂದು ಮರದ ಮಣೆ ಇಟ್ಟಿದ್ದ. ಮಣೆಯ ಮೇಲೆ ನಿಂತರೂ ಸೀರೆಯನ್ನು ಮೊಣಕಾಲಿನ ತನಕ ಎತ್ತಬೇಕು, ಇಲ್ಲವೇ ಪರಗಂಡಸಿನ ಕೈ ಹಿಡಿಯಬೇಕು. ಸ್ಟೇಷನ್ನಿನ ಮುಂದಿನ ಕಟ್ಟೆಯ ಮೇಲೆ ಆ ಹೊತ್ತಿಗೆ ಬೀಡಿ ಸೇದುವವರು ಹತ್ತು ಮಂದಿ ಇದ್ದೇ ಇರುತ್ತಿದ್ದರು. ಹೆಂಗಸರು ಎರಡನ್ನೂ ಒಲ್ಲದೆ ಎತ್ತಿನ ಗಾಡಿ ಕಾಯುತ್ತಿದ್ದರು. ಗಾಡಿ ಸಿಗುವ ತನಕ ಅವರು ಕೂರುತ್ತಿದ್ದದ್ದು ಹಾಜಿರಾಳ ಅಂಗಳದಲ್ಲಿ, ಹುಣಿಸೆಮರದ ನೆರಳಿನಲ್ಲಿ.

ನಲವತ್ತೆರಡನೆಯ ಇಸವಿಯ ಬೇಸಿಗೆಯಲ್ಲಿ ಹಾಗೆ ಬಂದು ಕೂತವಳು ರಂಗನಾಯಕಿ. ಗಂಡ ಮಳವಳ್ಳಿಯ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಆಕೆಗೆ ಏಳು ತಿಂಗಳು. ಸಂಜೆಯ ತನಕ ಗಾಡಿ ಸಿಗಲಿಲ್ಲ. ಕಣ್ಣೆದುರಿಗೇ ಕಾರು ನಿಂತಿದೆಯಲ್ಲ ಎಂದು ಹಾಜಿರಾ ಹೇಳಿದಾಗ, ರಂಗನಾಯಕಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಕ್ಕಳು.

“ನಿಮ್ಮ ಯಜಮಾನರ ಕಾರು ಹತ್ತೋಕೆ ಏಣಿ ಬೇಕು ಕಣ್ರೀ. ಅಷ್ಟು ಜನದೆದುರಿಗೆ ನಾನು ಏಣಿ ಹತ್ತಲಾ?”

ಆ ಬಸುರಿ ಹೆಂಗಸು ಕೊನೆಗೆ ಕಬ್ಬಿನ ಗಾಡಿಯ ಮೇಲೆ, ಜಲ್ಲೆಗಳ ಮಧ್ಯೆ ಜಾಗ ಮಾಡಿಕೊಂಡು ಹೋದಳು. ಹಾಜಿರಾ ಅಂದು ರೊಟ್ಟಿ ಬಡಿಸುತ್ತಾ ಗಂಡನಿಗೆ ಒಂದೇ ಮಾತು ಹೇಳಿದಳು: ಕಾರನ್ನು ಒಂದು ಗೇಣು ಇಳಿಸು.

ಮನೆಯಲ್ಲಿ ಅವರು ಆಡುತ್ತಿದ್ದುದು ಉರ್ದು. ಬೈಯುವುದು ಮಾತ್ರ ಮದ್ದೂರಿನ ಕನ್ನಡದಲ್ಲಿ. ಜಹಾಂಗೀರ್ ಅಂದು ಕನ್ನಡಕ್ಕೆ ಇಳಿದ. “ಕಾರೇನು ಒಲೆ ಮೇಲಿನ ಮಡಕೆನಾ, ಬೇಕಂದಾಗ ಇಳ್ಸಕ್ಕೆ?” ಎಂದ. ಆದರೂ ಕೈಕಸುಬಿನ ಮನುಷ್ಯ, ಮಾತು ತಲೆಯೊಳಗೆ ಹೊಕ್ಕಿತು. ಎತ್ತಿನ ಗಾಡಿ ಹತ್ತಿ ಹೊರಟುಹೋಗುವ ಹೆಂಗಸರು ಎಷ್ಟು ಮಂದಿ ಎಂಬುದು ಅವನಿಗೂ ಗೊತ್ತಿತ್ತು. ನಾಲ್ಕು ದಿನ ಬಿಟ್ಟು, ಪ್ರತಿ ಕಮಾನಿನಿಂದ ಮೂರು ಮೂರು ಪಟ್ಟಿ ಕಳಚಿದ.

ಅದು ತಪ್ಪಾಯಿತು. ಕಾರು ಇಳಿಯಿತು ನಿಜ, ಆದರೆ ತೊಟ್ಟಿಲಿನ ಹಾಗೆ ತೂಗತೊಡಗಿತು. ನಾಲ್ಕು ಜನ ಕೂತರೆ ಹಿಂದಿನ ಚಕ್ರ ಮಡ್‌ಗಾರ್ಡಿಗೆ ಉಜ್ಜಿ ರಬ್ಬರು ಸುಟ್ಟ ವಾಸನೆ ಬರುತ್ತಿತ್ತು. ಮಲಯಾ ದೇಶ ಜಪಾನಿನವರ ಪಾಲಾಗಿ ರಬ್ಬರು ಬರುವುದೇ ನಿಂತ ಕಾಲ. ಟೈರಿಗೆ ಪರ್ಮಿಟ್ಟು ಬೇಕು, ಪರ್ಮಿಟ್ಟಿಗೆ ಮಂಡ್ಯಕ್ಕೆ ಹತ್ತು ಸಲ ತಿರುಗಬೇಕು. ಆಗ ಬಡಿಗಲ್ಲಿನ ಬಳಿ ಕೂತು ಯೋಚಿಸಿ ದಾರಿ ಹೇಳಿದವನು ಕಮ್ಮಾರ ಮಾದಯ್ಯ. ಪಟ್ಟಿ ತೆಗೆದರೆ ಬಲ ಹೋಗುತ್ತದೆ, ಬಾಗು ತೆಗೆದರೆ ಎತ್ತರ ಮಾತ್ರ ಹೋಗುತ್ತದೆ ಎಂಬುದು ಅವನ ವಾದ. ಮೈಸೂರಿನ ಗುಜರಿಯಲ್ಲಿ ಅದೇ ಮಾದರಿಯ ನಾಲ್ಕು ಕಮಾನುಗಳ ಇನ್ನೊಂದು ಜೊತೆ ಸಿಕ್ಕಿತು. ಮಾದಯ್ಯ ಅದರ ಒಂದೊಂದು ಪಟ್ಟಿಯನ್ನೂ ಕಾಯಿಸಿ, ಬಾಗು ತಗ್ಗಿಸಿ ಬಡಿದು, ಎಣ್ಣೆಯಲ್ಲಿ ಅದ್ದಿ ಹದ ಕೊಟ್ಟು, ಅಡಿಯಲ್ಲಿ ಒಂದು ಚಪ್ಪಟೆ ಪಟ್ಟಿಯನ್ನೂ ಹೆಚ್ಚಿಗೆ ಕೂರಿಸಿದ. ಅದ್ದಿದ್ದು ಹಾಜಿರಾ ಮಳೆಗಾಲದ ದೀಪಕ್ಕೆಂದು ಕೂಡಿಟ್ಟಿದ್ದ ಹೊಂಗೆ ಎಣ್ಣೆಯಲ್ಲಿ. ಆ ಮಳೆಗಾಲ ಅವರು ಒಲೆಯ ಬೆಳಕಿನಲ್ಲೇ ಉಂಡರು.

ಕಾರು ಗೇಣುದ್ದ ಇಳಿದು, ಗಟ್ಟಿಯಾಗಿ ನಿಂತಿತು. ಹಳೆಯ ಎತ್ತರದ ಕಮಾನುಗಳಿಗೆ ಕಳಚಿದ್ದ ಪಟ್ಟಿಗಳನ್ನು ಮತ್ತೆ ಸೇರಿಸಿ ಜಹಾಂಗೀರ್ ಸೂರಿನಡಿ ಹಗ್ಗದಲ್ಲಿ ನೇತುಹಾಕಿದ. ಇದು ಸರಿಹೋಗದಿದ್ದರೆ ಒಂದೇ ದಿನದಲ್ಲಿ ಹಳೆಯದನ್ನು ಹಾಕಿಬಿಡುತ್ತೇನೆ ಎಂದು ಹೇಳಿದ. ಅಂಗಳ ಗುಡಿಸುವಾಗ ಆ ಕಮಾನುಗಳು ಹಾಜಿರಾಳ ತಲೆಯ ಮೇಲೇ ತೂಗುತ್ತಿದ್ದವು.

ಮಣೆ ಒಳಗೆ ಸೇರಿತು. ಹೆಂಗಸರು ಹೊಸ್ತಿಲು ದಾಟುವ ಹಾಗೆ ಕಾರಿಗೆ ಹೆಜ್ಜೆಯಿಟ್ಟರು. ಚಿಕ್ಕರಸಿನಕೆರೆಯ ಸೋಮಮ್ಮ, ಅರವತ್ತು ದಾಟಿದ ಗಟ್ಟಿ ಮುದುಕಿ, ಮೊದಲ ದಿನ ಹತ್ತಿ ಕೂತವಳು ಇಳಿದು ಮತ್ತೊಮ್ಮೆ ಹತ್ತಿದಳಂತೆ, ಸುಮ್ಮನೆ. ರಂಗನಾಯಕಿ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ತವರಿನಿಂದ ಮರಳುವಾಗ ಯಾರ ಕೈಯನ್ನೂ ಹಿಡಿಯಲಿಲ್ಲ. ರೈಲಿನ ವೇಳೆಗೆ ಅಂಗಳ ತುಂಬುತ್ತಿತ್ತು. ಹಾಜಿರಾ ನೀರು ಕೊಡುವಳು, ಅವರು ಊರಿನ ಸುದ್ದಿ ಕೊಡುವರು. ಮೂರು ತಾಲ್ಲೂಕಿನಲ್ಲಿ ಯಾರ ಮನೆಯ ಸೊಸೆ ಹೆತ್ತಳು, ಯಾರ ಅತ್ತೆ ಬಿದ್ದಳು ಎಂಬುದು ಅಂಗಳ ಬಿಟ್ಟು ಹೋಗದ ಅವಳಿಗೆ ಗೊತ್ತಿರುತ್ತಿತ್ತು.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಗ್ಗೆ ಕಾರು ಒರೆಸುವಾಗ ಅವಳ ಅಂಗೈಗೆ ಏನೋ ತಗುಲಿತು. ಮುಂದಿನ ಟೈರಿನ ಮೇಲೆ ಒಳಗಿನಿಂದ ಹೊರಕ್ಕೆ ಸವರಿದರೆ ನುಣುಪು. ಹೊರಗಿನಿಂದ ಒಳಕ್ಕೆ ಸವರಿದರೆ ಕಬ್ಬಿನ ಸೋಗೆಯನ್ನು ಎದುರುಮುಖವಾಗಿ ಎಳೆದ ಹಾಗೆ ಚುಚ್ಚುತ್ತಿತ್ತು. ಬಗ್ಗಿ ನೋಡಿದಳು. ಒಳಅಂಚು ಸವೆದು ಗೀರುಗಳೇ ಮಾಯವಾಗುತ್ತಿದ್ದವು. ಇನ್ನೊಂದು ಪಕ್ಕದ್ದೂ ಹಾಗೆಯೇ. ಹಿಂದಿನವೆರಡೂ ಸರಿಯಾಗಿದ್ದವು.

ಜಹಾಂಗೀರನಿಗೆ ತೋರಿಸಿದಾಗ ಅವನ ಮುಖ ಕಪ್ಪಿಟ್ಟಿತು. ಕಾರು ತಗ್ಗಿಸಿದ್ದಕ್ಕೇ ಟೈರು ತಿನ್ನುತ್ತಿದೆ, ಹೆಂಗಸಿನ ಮಾತು ಕೇಳಿದ್ದಕ್ಕೆ ತಕ್ಕ ಶಾಸ್ತಿ ಎಂದ. ಯುಗಾದಿ ಮುಗಿಯಲಿ, ಸೂರಿನಲ್ಲಿರುವುದನ್ನು ಇಳಿಸಿ ಹಾಕುತ್ತೇನೆ ಎಂದೂ ಹೇಳಿದ. ಕಬ್ಬಿನ ಗುತ್ತಿಗೆದಾರನೊಬ್ಬ ಆಳುಗಳನ್ನು ಹೊಲಕ್ಕೆ ಸಾಗಿಸಲು ಎತ್ತರದ ಕಾರಿಗಾಗಿ ಮುಂಚಿನಿಂದಲೂ ಅವನ ಬೆನ್ನು ಬಿದ್ದಿದ್ದ.

ಹಾಜಿರಾ ವಾದಿಸಲಿಲ್ಲ. ವಾದಿಸಿ ಗೆದ್ದ ಹೆಂಗಸರನ್ನು ಅವಳು ಹೆಚ್ಚು ಕಂಡಿರಲಿಲ್ಲ. ಅದೂ ಅಲ್ಲದೆ ರಾಗಿ ಬೀಸುವುದಿತ್ತು. ಬೀಸುವಾಗ ಯೋಚನೆ ಬಂತು. ಬೀಸುಕಲ್ಲು ಒಂದೇ ಪಕ್ಕ ಸವೆದರೆ ಯಾರೂ ಕಲ್ಲು ತಗ್ಗಾಯಿತು ಅನ್ನುವುದಿಲ್ಲ, ನಡುವಿನ ಗೂಟ ವಾಲಿದೆ ಅನ್ನುತ್ತಾರೆ. ಕಾರು ಇಳಿದು ಎಂಟು ತಿಂಗಳಾಗಿತ್ತು. ಏಳು ತಿಂಗಳು ಟೈರು ಹಲಗೆಯ ಹಾಗೆ ಸಮನಾಗಿತ್ತು. ಹಾಗಾದರೆ ವಾಲಿದ್ದು ಏನು, ವಾಲಿದ್ದು ಯಾವಾಗ?

ಉತ್ತರ ಬಂದದ್ದು ಸೋಮಮ್ಮನಿಂದ. ಮುದುಕಿ ಎಲೆಯಡಿಕೆ ಮೆಲ್ಲುತ್ತಾ ತಾನಾಗಿಯೇ ಹೇಳಿದಳು: “ನಿನ್ನ ಗಂಡ ನಮ್ಮೂರ ಗಾಡಿಜಾಡ್ನಾಗೆ ಬುಟ್ನಲ್ಲ ಹೋದ್ ತಿಂಗ್ಳು, ನಡುದಿಬ್ಬ ಕಾಲಡೀಗೆ ದಡ್ಡಂತ ಒಡೀತು ಕಣವ್ವ. ನನ್ನ ಅಡಿಕೆ ಚೀಲನೇ ಆರೋಯ್ತು.”

ಎತ್ತಿನ ಗಾಡಿಗಳು ತುಳಿದ ಜಾಡಿನ ನಡುವೆ ಎದ್ದು ನಿಲ್ಲುವ ದಿಬ್ಬ ಹಾಜಿರಾಳಿಗೆ ಗೊತ್ತಿರದ್ದೇನಲ್ಲ. ಎತ್ತರದ ಕಾರು ಅದರ ಮೇಲೆ ಹಾದುಹೋಗುತ್ತಿತ್ತು. ಇಳಿದ ಕಾರಿನ ಹೊಟ್ಟೆ ತಾಗಿದೆ.

ಅಂದು ಮಧ್ಯಾಹ್ನ ಜಹಾಂಗೀರ್ ಉಂಡು ಮಲಗಿದ್ದಾಗ ಅವಳು ಅವನ ಪಾಯಿಜಾಮದ ಲಾಡಿಯನ್ನು ಎಳೆದುಕೊಂಡು ಹೊರಗೆ ಬಂದಳು. ಮುಂದಿನ ಎರಡು ಚಕ್ರಗಳ ಮುಂಬದಿಯ ಅಂತರಕ್ಕೆ ಲಾಡಿ ಹಿಡಿದು ಗಂಟು ಹಾಕಿದಳು. ಅದೇ ಲಾಡಿಯನ್ನು ಆ ಚಕ್ರಗಳ ಹಿಂಬದಿಗೆ ಹಿಡಿದರೆ ಎರಡು ಬೆರಳು ಉಳಿಯಿತು. ಚಕ್ರಗಳೆರಡೂ ಮುನಿಸಿಕೊಂಡ ಗಂಡಹೆಂಡಿರ ಹಾಗೆ ಆಚೆಗೊಂದು ಈಚೆಗೊಂದು ಮುಖ ಮಾಡಿದ್ದವು. ಆಚೆ ಈಚೆ ನೋಡುತ್ತಾ ಮುಂದಕ್ಕೆ ಎಳೆಸಿಕೊಂಡರೆ ಕಾಲು ಸವೆಯದೆ ಇರುತ್ತದೆಯೆ?

ಜಹಾಂಗೀರ್ ಎದ್ದು ಬಂದಾಗ ಒಂದು ಕೈ ನಡುವಿನಲ್ಲಿತ್ತು. “ಲಾಡಿ ಎಲ್ಲೇ ನಂದು?” ಎಂದು ಕೇಳಿದ.

ಕಾರಿನ ಮುಂದೆ ಲಾಡಿ ಹಿಡಿದು ತೋರಿಸಿದಳು. ಅವನು ಮೊದಲು ನಕ್ಕ, ಆಮೇಲೆ ಚೀಲ ಹಾಸಿಕೊಂಡು ಕಾರಿನಡಿಗೆ ನುಸುಳಿದ. ಎರಡು ಚಕ್ರಗಳನ್ನೂ ಜೋಡಿಸುವ ಉದ್ದನೆಯ ಸರಳು ದಿಬ್ಬಕ್ಕೆ ಬಡಿದು ಬಿಲ್ಲಿನ ಹಾಗೆ ಬಾಗಿತ್ತು. ಬಾಗಿದ್ದರಿಂದ ಗಿಡ್ಡವಾಗಿ ಚಕ್ರಗಳ ಹಿಂಬದಿಯನ್ನು ಒಳಕ್ಕೆ ಎಳೆದಿತ್ತು. ತಗ್ಗಿಸಿದ್ದರದ್ದೇ ತಪ್ಪು ಎಂದು ಮೊದಲೇ ತೀರ್ಮಾನ ಮಾಡಿಕೊಂಡದ್ದರಿಂದ ಅವನು ಅಡಿಗೆ ಬಗ್ಗಿ ನೋಡಿರಲೇ ಇಲ್ಲ. ಹೊರಗೆ ಬಂದವನು ಅವಳನ್ನು ಹೊಗಳಲಿಲ್ಲ. ಸರಳು ಬಿಚ್ಚಿಕೊಂಡು ಮಾದಯ್ಯನ ಕುಲುಮೆಗೆ ಹೋದ. ಆದರೆ ಮರುದಿನ ತನ್ನ ಅಂಗಿಯನ್ನು ತಾನೇ ಒಗೆದು ಹರವಿದ. ಮದುವೆಯಾದ ಹನ್ನೊಂದು ವರ್ಷದಲ್ಲಿ ಅದು ಮೊದಲು.

ಸರಳು ನೆಟ್ಟಗಾಯಿತು, ಅದರ ಕೆಳಗೆ ಮಾದಯ್ಯ ಕಾವಲಿಗೆ ಒಂದು ಕಬ್ಬಿಣದ ಪಟ್ಟಿ ಕೂರಿಸಿದ. ಇನ್ನು ಮುಂದೆ ಗಾಡಿಜಾಡಿನಲ್ಲಿ ಒಂದು ಚಕ್ರ ದಿಬ್ಬದ ಮೇಲೆ, ಇನ್ನೊಂದು ಜಾಡಿನ ಹೊರಗೆ ಇಟ್ಟು ಓಡಿಸಬೇಕೆಂದು ಜಹಾಂಗೀರ್ ತಾನೇ ಕಂಡುಕೊಂಡ. ಉಳಿದದ್ದು ಅರೆ ಸವೆದ ಟೈರಿನ ಪ್ರಶ್ನೆ. ಹೊಸದು ಸಿಗುವ ಹಾಗಿಲ್ಲ. ನಡುವೆ ಸವೆದ ಜಮಖಾನವನ್ನು ಹೆಂಗಸರು ಸೀಳಿ, ಅಂಚನ್ನು ನಡುವಿಗೆ ತಂದು ಹೊಲಿಯುತ್ತಾರೆ. ಅದು ಇನ್ನೂ ಎರಡು ವರ್ಷ ಬಾಳುತ್ತದೆ. ಟೈರನ್ನೂ ಬಿಚ್ಚಿ, ಸವೆದ ಮಗ್ಗುಲು ಹೊರಕ್ಕೆ ಬರುವ ಹಾಗೆ ತಿರುಗಿಸಿ ಹಾಕಬಾರದೇಕೆ ಎಂದು ಹಾಜಿರಾ ಕೇಳಿದಳು. ಅವನು ಈ ಸಲ ನಗದೆ ಟೈರು ಬಿಚ್ಚಲು ಕೂತ.

ಅಂದಿನಿಂದ ಆ ಅಂಗೈ ಸವರುವ ಕೆಲಸ ಅವಳ ಬೆಳಗಿಗೆ ಸೇರಿಕೊಂಡಿತು.

ಯುಗಾದಿ ಬಂತು, ಹೋಯಿತು. ಕಮಾನುಗಳು ಸೂರಿನಲ್ಲೇ ಇದ್ದವು. ಟೈರು ಸರಿಯಾದ ಮೇಲೂ ಜಹಾಂಗೀರ್ ಅವುಗಳ ಮಾತು ಬಿಡಲಿಲ್ಲ. ಬಾಡಿಗೆ ಕಡಿಮೆಯಾದ ದಿನ, ಹೊಟ್ಟೆನೋವಿನ ದಿನ, ಗುತ್ತಿಗೆದಾರ ಎದುರು ಸಿಕ್ಕ ದಿನ, ತಲೆಯೆತ್ತಿ ಸೂರಿನ ಕಡೆ ನೋಡುವನು. ಕೆಟ್ಟವನಲ್ಲ, ಹಿಂದಕ್ಕೆ ಹೋಗುವ ದಾರಿಯೊಂದು ತೆರೆದಿದ್ದರೆ ಗಂಡಸಿಗೆ ನಿದ್ದೆ ಚೆನ್ನಾಗಿ ಬರುತ್ತದೆ. ಆದರೆ ಆ ದಾರಿ ತೆರೆದಿರುವ ತನಕ ಅಂಗಳದ ಹೆಂಗಸರೆಲ್ಲ ಅವನ ಮನಸ್ಸಿನ ಅಂಚಿನಲ್ಲಿ ಕೂತವರೇ ಎಂಬುದು ಹಾಜಿರಾಳಿಗೆ ಗೊತ್ತಿತ್ತು.

ವೈಶಾಖದ ಒಂದು ಬೆಳಗ್ಗೆ ಜಹಾಂಗೀರ್ ನಾಲ್ವರು ಹೆಂಗಸರನ್ನು ಕೂರಿಸಿಕೊಂಡು ಮಳವಳ್ಳಿಗೆ ಹೊರಟ. ಅವನು ಹೋದ ಸ್ವಲ್ಪ ಹೊತ್ತಿಗೆ ಮಾದಯ್ಯ ಬಂದು, ನೀರು ಕುಡಿದು, ಚೊಂಬು ಕೆಳಗಿಟ್ಟ. ಕಬ್ಬಿಣವೆಲ್ಲ ಯುದ್ಧಕ್ಕೆ ಹೋಗಿ ಕುಡುಗೋಲಿಗೆ ಒಂದು ತುಂಡು ಉಕ್ಕು ಸಿಗುತ್ತಿಲ್ಲ, ಹೊಳಲು ಊರಿನ ರೈತರು ಕೊಯ್ಲಿಗೆ ಕಾದು ಕೂತಿದ್ದಾರೆ ಎಂದು ಹೇಳಿಕೊಂಡ. ಅವನ ಕಣ್ಣು ಸೂರಿನ ಕಡೆಗಿತ್ತು.

“ಅಂಥ ಉಕ್ಕು ಎಲ್ ಸಿಕ್ತದೆ ಬೂಬಮ್ಮ. ಕುಡ್ಲು ಮಾಡುದ್ರೆ ಮಗನ ಕಾಲಕ್ಕೂ ಬತ್ತದೆ. ಅದ್ಕೆ ಬದ್ಲು ನಿಮಗೆ ಏನ್ ಬೇಕೋ ಮಾಡ್ಕೊಡ್ತೀನಿ. ಸಾಬ್ರು ಬಂದ್ಮೇಲೆ ಒಂದ್ ಮಾತು ಕೇಳ್ಬುಡಿ.”

ಅವಳು ಚೊಂಬು ಎತ್ತಿಕೊಂಡಳು. ಮಾದಯ್ಯ ಹೋದ.

ಹಾಜಿರಾ ಅಂಗಳದಲ್ಲಿ ನಿಂತಳು. ಬಿಸಿಲು ಇನ್ನೂ ಹುಣಿಸೆಮರದ ತುದಿಯಲ್ಲೇ ಇತ್ತು. ಕೇಳಿದರೆ ಅವನು ಏನು ಹೇಳುವನೆಂದು ಗೊತ್ತು: ಇರಲಿ, ಯಾವತ್ತಾದರೂ ಬೇಕಾಗಬಹುದು. ಕೇಳದೆ ಕೊಟ್ಟರೆ ಎರಡು ದಿನ ಕನ್ನಡದಲ್ಲಿ ಬೈಯುವನು, ಮೂರನೆಯ ದಿನ ಉರ್ದುವಿಗೆ ಮರಳುವನು. ಬೆಳಗ್ಗೆ ಸವರಿದ ಟೈರುಗಳು ಅವಳ ಅಂಗೈಯಲ್ಲಿ ಇನ್ನೂ ಇದ್ದವು. ಆಚೆಯಿಂದಲೂ ನುಣುಪು, ಈಚೆಯಿಂದಲೂ ನುಣುಪು.

ಒಳಗೆ ಹೋಗಿ, ಕಾಳಿನ ಮಡಕೆಯ ಹಿಂದೆ ಸೇರಿಹೋಗಿದ್ದ ಮಣೆಯನ್ನು ಎಳೆದು ತಂದಳು. ಧೂಳು ಒರೆಸಿ, ಸೂರಿನ ಕೆಳಗೆ ಅದು ಅಲುಗದ ಹಾಗೆ ಇಟ್ಟಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಸೀರೆಯನ್ನು ಮೊಣಕಾಲಿನ ತನಕ ಎತ್ತಿ ಕಟ್ಟಿ, ಮಣೆ ಹತ್ತಿದಳು. ಹಗ್ಗದ ಗಂಟು ವರ್ಷದ ಧೂಳು ಕುಡಿದು ಕಲ್ಲಾಗಿತ್ತು. ಹಲ್ಲಿನಲ್ಲಿ ಕಚ್ಚಿ ಬಿಡಿಸಿದಳು. ಮೊದಲ ಕಮಾನು ಹೆಗಲ ಮೇಲೆ ಇಳಿದಾಗ ತುಂಬಿದ ಎರಡು ಕೊಡಗಳಿಗಿಂತ ಹೆಚ್ಚಿನ ಭಾರವೇನೂ ಅನ್ನಿಸಲಿಲ್ಲ.

ಒಂದು ಈಳಿಗೆಮಣೆ ಮಾಡಿಸಬೇಕು, ಅಲಗು ಅಗಲವಾಗಿರಲಿ ಎಂದುಕೊಂಡು, ಉಳಿದ ಮೂರಕ್ಕೆ ಮತ್ತೆ ಬರುವಂತೆ ಬಾಗಿಲು ತೆರೆದೇ ಬಿಟ್ಟು, ಹಾಜಿರಾ ಬೀ ಕುಲುಮೆಯ ಕಡೆಗೆ ನಡೆದಳು.