ಪಿಪೆಟ್ಟು ತೂಗಿದ ಅಕ್ಕ

ಅಕ್ಕನ ಬಲಗೈ ಹೆಬ್ಬೆರಳು ತುದಿಯಲ್ಲಿ ಚಪ್ಪಟೆಯಾಗಿ, ಸ್ವಲ್ಪ ಹಿಂದಕ್ಕೆ ಬಾಗಿತ್ತು. ವರ್ಷಗಟ್ಟಲೆ, ಹನಿ ಅಳೆದು ಹಾಕುವ ಪಿಪೆಟ್ಟಿನ ಗುಂಡಿ ಒತ್ತಿ ಹಾಗಾಯಿತೆಂದೂ, ಅವರೆಕಾಳು ಹಿದುಕಲು ಅದಕ್ಕಿಂತ ಒಳ್ಳೆಯ ಬೆರಳಿಲ್ಲವೆಂದೂ ಹೇಳಿ ನಗುತ್ತಿದ್ದರು.

ಹುಣಸೂರಿನ ಲ್ಯಾಬಿಗೆ ನಾನು ಸೇರಿದಾಗ ಅವರೇ ಅಲ್ಲಿಯ ಹಿರಿಯ ಟೆಕ್ನಿಷಿಯನ್. ಭೇರ್ಯದ ಬೇಸಾಯದ ಮನೆಯವರು; ಡಾಕ್ಟರಿಂದ ಹಿಡಿದು ಎಲ್ಲರಿಗೂ ಅಕ್ಕ. ರಕ್ತದಲ್ಲಿ ಹೆಪಟೈಟಿಸ್ ಬಿ ವೈರಸ್ಸಿನ ಡಿಎನ್‌ಎ ಎಷ್ಟಿದೆಯೆಂದು ಮಿಷನ್ನಿನಲ್ಲಿ ಅಳೆಯುವುದು ನಮ್ಮ ಕೆಲಸ. ರೋಗಿಗಳ ಸ್ಯಾಂಪಲ್‌ಗಳ ಜೊತೆ ಅಕ್ಕ ಪ್ರತಿ ಸಲ ಇನ್ನೆರಡು ಟ್ಯೂಬು ಇಡುತ್ತಿದ್ದರು. ಒಂದರಲ್ಲಿ ಬರೀ ನೀರು, ಇನ್ನೊಂದರಲ್ಲಿ ವೈರಸ್ ಎಷ್ಟಿದೆಯೆಂದು ಮೊದಲೇ ಗೊತ್ತಿರುವ ಸ್ಯಾಂಪಲ್. ನೀರಿನಲ್ಲಿ ವೈರಸ್ ಕಂಡರೂ, ಗೊತ್ತಿರುವ ಲೆಕ್ಕ ತಪ್ಪಿ ಬಂದರೂ ಆ ದಿನದ ಒಂದು ರಿಪೋರ್ಟೂ ಹೊರಗೆ ಹೋಗುತ್ತಿರಲಿಲ್ಲ. ಬೇರೆ ಕೋಣೆಯ ಕೋಟು ತೊಟ್ಟು ಬಂದ ಡಾಕ್ಟರನ್ನೂ ಒಮ್ಮೆ, ಅಲ್ಲಿಯ ಡಿಎನ್‌ಎ ಅಂಟಿಕೊಂಡು ಬಂದೀತೆಂದು ಬಾಗಿಲಲ್ಲೇ ನಿಲ್ಲಿಸಿ, ಕೋಟು ಬಿಚ್ಚಿಸಿ ಒಳಗೆ ಬಿಟ್ಟಿದ್ದರು.

ಒಂದು ಸಂಜೆ ಕೆಲಸ ಮುಗಿದು ಎಲ್ಲ ಒರೆಸಿಡುವಾಗ ನನ್ನ ಕೈಯಿಂದ ಪಿಪೆಟ್ಟು ಜಾರಿ ಬಿತ್ತು. ಯಾರೂ ನೋಡಲಿಲ್ಲ. ಎತ್ತಿ ಸ್ಟ್ಯಾಂಡಿಗೆ ಸಿಕ್ಕಿಸಿ ಸುಮ್ಮನಾದೆ.

ಮರುದಿನ ಅದರಲ್ಲೇ ಸ್ಯಾಂಪಲ್‌ಗಳನ್ನು ಹಾಕಿದೆ. ಗೊತ್ತಿರುವ ಸ್ಯಾಂಪಲ್ಲು ಇರಬೇಕಾದ್ದಕ್ಕಿಂತ ತೀರಾ ಕಡಿಮೆ ತೋರಿಸಿತು. ಅಂದು ಅಂತರಸಂತೆಯ ಬಸುರಿ ಹೆಂಗಸೊಬ್ಬಳ ರಕ್ತವೂ ಬಂದಿತ್ತು. ವೈರಸ್ ಒಂದು ಮಿತಿ ದಾಟಿದ್ದರೆ ಮಗುವಿಗೆ ತಗುಲದಂತೆ ಹೆರಿಗೆಗೆ ಮುಂಚೆಯೇ ತಾಯಿಗೆ ಮಾತ್ರೆ ಶುರು ಮಾಡಬೇಕು. ಅವಳದ್ದು ಮಿತಿಗಿಂತ ತುಸು ಕೆಳಗೆ ಬಂದಿತ್ತು. ಗಂಡ ಹೊರಗೆ ಬೆಂಚಿನ ಮೇಲೆ ರಿಪೋರ್ಟಿಗೆ ಕಾದಿದ್ದ. ಬಸ್ಸಿಗೆ ಹೊತ್ತಾಯಿತೆಂದು ಎರಡು ಸಲ ಕೇಳಿದ್ದ. ಅವಳದ್ದೊಂದನ್ನಾದರೂ ಕೊಟ್ಟು ಕಳಿಸಿ ಎಂದರು ಡಾಕ್ಟರು.

"ಮಿಸಿನ್ನು ನಾವು ಆಕಿದ್ದ ಅಳೀತದೆ ಸಾರ್," ಎಂದರು ಅಕ್ಕ. "ನಾವೇ ಕಮ್ಮಿ ಆಕಿದ್ರೆ ಅದೇನ್ಮಾಡೀತು?"

ಸೂಕ್ಷ್ಮ ತಕ್ಕಡಿ ತಂದು, ಒಂದೊಂದೇ ಪಿಪೆಟ್ಟಿನಿಂದ ನೀರು ಹಾಕಿ ತೂಗತೊಡಗಿದರು. ನನ್ನ ಪಿಪೆಟ್ಟಿನ ಸರದಿ ಬರುವಷ್ಟರಲ್ಲಿ ನನಗೆ ತಡೆಯಲಾಗಲಿಲ್ಲ. ನಿನ್ನೆ ಅದನ್ನು ಬೀಳಿಸಿದ್ದೆನೆಂದು ಹೇಳಿಬಿಟ್ಟೆ. ಕೆಲಸ ಹೋಯಿತೆಂದೇ ಎಣಿಸಿದ್ದೆ. ಅಕ್ಕ ಅದನ್ನೂ ತೂಗಿ ನೋಡಿದರು. ನೀರು ಕಡಿಮೆ ಬೀಳುತ್ತಿತ್ತು.

"ನಾನೂ ಬೀಳ್ಸಿವ್ನಿ ಕಣಮ್ಮಿ. ಬಿದ್ ತಕ್ಷಣ ಯೋಳ್ಬುಡು, ಅಷ್ಟೆಯ," ಎಂದು ಅದಕ್ಕೆ ಕೆಂಪು ಟೇಪು ಸುತ್ತಿ ಪಕ್ಕಕ್ಕಿಟ್ಟರು. ಆಮೇಲೆ ಹೊರಗೆ ಹೋಗಿ, ತಪ್ಪು ನಮ್ಮದೆಂದೂ ನಾಳೆ ಫೋನು ಮಾಡುತ್ತೇವೆಂದೂ ಆ ಗಂಡನಿಗೆ ತಿಳಿಸಿ, ಟೀ ಕುಡಿಸಿ ಬಸ್ಸಿಗೆ ಕಳಿಸಿದರು. ನನ್ನ ಹೆಸರು ಎತ್ತಲಿಲ್ಲ.

ಮರುದಿನ ಎಲ್ಲವನ್ನೂ ಹೊಸದಾಗಿ ಅಳೆದೆವು. ಅವಳದ್ದು ಮಿತಿ ದಾಟಿತ್ತು. ಆ ವಾರವೇ ಮಾತ್ರೆ ಶುರುವಾಯಿತು. ಹೆರಿಗೆಯಾಗಿ, ಲಸಿಕೆಗಳೆಲ್ಲ ಮುಗಿದು, ವರ್ಷ ತುಂಬುವ ಹೊತ್ತಿಗೆ ಮಗುವನ್ನು ಪರೀಕ್ಷೆಗೆ ಕರೆತಂದರು. ಸೋಂಕಿರಲಿಲ್ಲ. ಆ ಹೆಣ್ಣುಮಗು ಅಕ್ಕನ ಕನ್ನಡಕ ಕಿತ್ತುಕೊಂಡು ಕೊಡಲೇ ಇಲ್ಲ, ಅಕ್ಕನೂ ಕೇಳಲಿಲ್ಲ.

ಅಕ್ಕ ಈಗ ಕೆಲಸ ಬಿಟ್ಟು ಊರಿನಲ್ಲಿದ್ದಾರೆ. ಅವತ್ತು ಅವರು ಬೈದಿದ್ದರೆ ಮುಂದಿನ ಸಲ ಇನ್ನಷ್ಟು ಜಾಣತನದಿಂದ ಮುಚ್ಚಿಡುತ್ತಿದ್ದೆನೇನೋ. ಆಮೇಲೆ ಇನ್ನೂ ಎರಡು ಸಲ ಪಿಪೆಟ್ಟು ಬೀಳಿಸಿದ್ದೇನೆ. ಎರಡು ಸಲವೂ ನೆಲದಿಂದ ಎತ್ತುವ ಮೊದಲೇ ಎಲ್ಲರಿಗೂ ಕೇಳುವಂತೆ ಕೂಗಿ ಹೇಳಿದ್ದೇನೆ.