ಅವ್ವನ ಮಣಿಕಟ್ಟಿನ ಗಂಟು

ಸವಣೂರಿನ ಖಾನಾವಳಿಗೆ ರೊಟ್ಟಿ ಬಡಿದೇ ನನ್ನನ್ನು ಡಿಗ್ರಿ ಮುಗಿಸುವವರೆಗೆ ಓದಿಸಿದ ಅವ್ವನ ಮಣಿಕಟ್ಟಿನ ಮೇಲೆ ಗಂಟೊಂದು ಎದ್ದಿತು. ರೊಟ್ಟಿ ಬಡಿಯುವಾಗ ನೋಯುತ್ತಿತ್ತು. ಪಕ್ಕದ ಮನೆಯ ಅಜ್ಜಿ ತಂಬಿಗೆಯಿಂದ ಕುಟ್ಟಿ ಒಡೆಯಲು ಬಂದಾಗ ತಡೆದು, ಶಿಗ್ಗಾಂವಿಯ ಡಾಕ್ಟರ ಬಳಿ ಕರೆದೊಯ್ದೆ.

"ಅಪಾಯದ ಗಂಟಲ್ಲರಿ. ಸೂಜಿಲೆ ನೀರು ತಗದ್ರ ಮತ್ತ ಬರಬಹುದು. ಆಪರೇಷನ್ ಮಾಡಿದ್ರ ಬರೂದು ಕಡಿಮಿ, ಆದ್ರ ಕೆಲವು ವಾರ ರೊಟ್ಟಿ ಬಡಿಯೂಹಂಗಿಲ್ಲ," ಎಂದರು ಡಾಕ್ಟರು.

ಆಪರೇಷನ್ನೇ ಸರಿ ಎಂದೆ.

"ಓದಿದಾಂವ ನೀನ ಖರೆ, ಬಡಿಯೂ ಕೈ ನಂದು," ಎಂದಳು ಅವ್ವ. "ಅಷ್ಟು ವಾರ ಬಿಟ್ರ ಖಾನಾವಳಿಯವ್ರು ಬ್ಯಾರೆಯಾಕಿನ್ನ ಹಚ್ಕೋತಾರ. ಸೂಜಿನ ಹಾಕ್ರಿ."

"ಮತ್ತ ಬಂದ್ರ, ಅವ್ವ?"

"ಮತ್ತ ಬರೂಣು. ಬಸ್ಸೇನು ಬಂದ್ ಆಗಿರ್ತಾವ?"

ಅವಳ ಹಸಿರು ಬಳೆಗಳನ್ನು ಮೊಣಕೈಯತ್ತ ಸರಿಸಿ, ಡಾಕ್ಟರು ಸೂಜಿ ಹಾಕಿ ಮುಗಿಸುವವರೆಗೆ ಹಿಡಿದು ನಿಂತೆ.