ದೋನ್ಯಾ ಎದುವೀಹೆಸ್ ಹಾಕಿದ ಅಲೆಗಳು

ಗಡಿಯೂರು ಎಲ್ ಪಾಸೊದ ನಮ್ಮ ಓಣಿಯಲ್ಲಿ ಬಟ್ಟೆ ಒಗೆಯುವ ಯಂತ್ರಗಳ ಅಂಗಡಿಯಿತ್ತು. ಶನಿವಾರ ಬೆಳಿಗ್ಗೆ ಅಮ್ಮ ಮೂಟೆ ಹೊತ್ತು ಮುಂದೆ, ನಾನು ಸೋಪಿನ ಪುಡಿ ಹಿಡಿದು ಹಿಂದೆ. ಅಂಗಡಿ ನೋಡಿಕೊಳ್ಳುತ್ತಿದ್ದವರು ದೋನ್ಯಾ ಎದುವೀಹೆಸ್; ಹಿರಿಯ ಹೆಂಗಸರನ್ನು ನಾವು ದೋನ್ಯಾ ಎನ್ನುತ್ತೇವೆ. ಗಡಿಯಾಚೆಯ ಪಾರಾಲ್‌ನಲ್ಲಿ ನಾಲ್ಕನೇ ತರಗತಿ ಓದಿ, ಗಡಿಯ ಸೇತುವೆ ದಾಟಿ ಬಂದು, ಜೀನ್ಸ್ ಕಾರ್ಖಾನೆಯಲ್ಲಿ ಹದಿನೆಂಟು ವರ್ಷ ಜೇಬು ಹೊಲಿದವರು. ಒಣಗಿಸುವ ಯಂತ್ರಗಳ ಮೇಲೆ ಅವರದೊಂದು ಹಲಗೆ, ಅದರ ತುಂಬ ಮಕ್ಕಳ ಪುಸ್ತಕಗಳು. ಸಿಕ್ಕಿದ್ದೆಲ್ಲ ಅಲ್ಲ, ನಮ್ಮಂಥವರು ಇದ್ದ ಪುಸ್ತಕಗಳು ಮಾತ್ರ. ಅಜ್ಜಿ ಜೋಳದ ಸಿಪ್ಪೆಯಲ್ಲಿ ತಮಾಲೆ ಕಡುಬು ಕಟ್ಟುವ ಕಥೆ, ಗಡಿಯಾಚೆಯ ಮಾವನಿಗೆ ಕಾಗದ ಬರೆಯುವ ಹುಡುಗಿಯ ಕಥೆ. ಶಾಲೆಯ ಲೈಬ್ರರಿಯಲ್ಲಿ ಅಂಥವನ್ನು ಹುಡುಕಿದರೂ ಸಿಗುತ್ತಿರಲಿಲ್ಲ. ನಾವು ಓಣಿಯ ಮಕ್ಕಳು ಬಿಸಿ ಯಂತ್ರಕ್ಕೆ ಬೆನ್ನು ಕೊಟ್ಟು ಕೂತು ಓದುತ್ತಿದ್ದೆವು. ಈಗಲೂ ಪುಸ್ತಕ ತೆರೆದರೆ ಸೋಪಿನ ವಾಸನೆ ಬರಲಿಲ್ಲವಲ್ಲ ಎನಿಸುತ್ತದೆ.

ಒಂದು ಸಲ ಹುಟ್ಟುಹಬ್ಬದ ಪುಸ್ತಕ ಬಂತು. ಗಡಿಯಾಚೆಯಿಂದ ತಂದ ನಮ್ಮ ಮನೆಮಾತಿನಲ್ಲಿ ಎನ್ ಅಕ್ಷರದ ನೆತ್ತಿಯ ಮೇಲೆ ಪುಟ್ಟ ಅಲೆಯೊಂದನ್ನು ಹಾಕಿದರೆ ‘ಅನ್ಯೊ’, ವರ್ಷ. ಅಲೆ ಬಿಟ್ಟರೆ ‘ಅನೊ’, ಅಂಡು. ಅಚ್ಚು ಹಾಕಿದವರು ಪುಸ್ತಕದುದ್ದಕ್ಕೂ ಅಲೆ ಬಿಟ್ಟಿದ್ದರು.

“ನನಗೀಗ ಏಳು ಅಂಡು!” ಎಂದು ನಾನು ಜೋರಾಗಿ ಓದಿದ್ದೇ ತಡ, ಮಕ್ಕಳೆಲ್ಲ ಬಟ್ಟೆಗಾಡಿಯೊಳಗೆ ಬಿದ್ದು ಹೊರಳಾಡಿದರು.

“ಏಳಾ? ನಿಂಗೆ ಚಡ್ಡಿ ಹೊಲಿಯೋರ ಗತಿ ಏನೇ!” ಎಂದರು ದೋನ್ಯಾ. ನಗು ಇಳಿದ ಮೇಲೆ, ಗಿರಾಕಿಗಳ ಮೂಟೆಗೆ ಗುರುತು ಹಾಕುವ ಪೆನ್ನು ತೆಗೆದು ಪುಟಪುಟಕ್ಕೂ ಅಲೆ ಹಾಕುತ್ತ ಕೂತರು. “ನಮ್ ಬಗ್ಗೇನೇ ಪುಸ್ತಕ ಮಾಡ್ತಾರೆ, ನಮ್ ಅಕ್ಷರಾನೇ ಮರೀತಾರೆ, ನೋಡು.”

ಈಗ ನನ್ನ ಮಗಳು ಅಲೋಂದ್ರಾಗೆ ಐದು ವರ್ಷ. ಹೋದ ತಿಂಗಳು ಶಾಲೆಗೆ ಸೇರಿಸಿದೆವು. ನನ್ನ ಗಂಡನ ಮನೆತನದ ಹೆಸರು ಪೇನ್ಯಾ, ಅಂದರೆ ಬಂಡೆ. ಅವಳ ಮೇಜಿನ ಹೆಸರಿನ ಚೀಟಿಯಲ್ಲಿ ಅಲೆಯಿಲ್ಲ. ಅಲೆ ಬಿಟ್ಟರೆ ಪೇನಾ, ಅಂದರೆ ದುಃಖ. ಅವಳು ಅಲೆ ಹಾಕಿ ಬರೆದದ್ದನ್ನು ಮೇಡಂ ಗೀಚು ಎಂದುಕೊಂಡು ಅಳಿಸಿದರಂತೆ. ಮರುದಿನದಿಂದ ಮಗು ಹಾಕುವುದನ್ನೇ ಬಿಟ್ಟಿತು. ಹೇಳಿದರೆ ಮೇಡಂ ಮಗುವಿನ ಮೇಲೆ ಸಿಟ್ಟು ತೀರಿಸಿಕೊಂಡರೆ? ಹೇಳದಿದ್ದರೆ ದುಃಖವೇ ತನ್ನ ಹೆಸರೆಂದು ಅವಳು ನಂಬಿಬಿಟ್ಟರೆ? ಮೂರು ದಿನ ಒದ್ದಾಡಿ ದೋನ್ಯಾ ಬಳಿಗೆ ಓಡಿದೆ. ಎಪ್ಪತ್ತೆಂಟಾದರೂ ಅದೇ ಅಂಗಡಿಯಲ್ಲಿ ಚಾದರ ಮಡಿಸುತ್ತಿದ್ದರು.

“ನೀವೇ ಬಂದು ಒಂದ್ಮಾತು ಹೇಳಿ ದೋನ್ಯಾ.”

“ನಾನ್ಯಾಕೆ? ಕಾಲೇಜು ಮೆಟ್ಟಿಲು ಹತ್ತಿದೋಳು ನೀನು. ನಂಗೆ ಪುಸ್ತಕ ತಿದ್ದೋಕೆ ಬರುತ್ತೆ ಮಗಳೇ, ಮೇಡಮ್ಮನ್ನ ತಿದ್ದೋಕೆ ಬರಲ್ಲ. ಆ ತುದಿ ಹಿಡಿ.”

ಹಿಡಿದೆ. ಇಬ್ಬರೂ ಸೇರಿ ಹನ್ನೊಂದು ಚಾದರ ಮಡಿಸಿದೆವು. ಆ ವಿಷಯ ಅವರು ಮತ್ತೆ ಎತ್ತಲಿಲ್ಲ.

ಮರುದಿನ ಬೆಳಿಗ್ಗೆ ಮಗಳ ಕೈ ಹಿಡಿದು ತರಗತಿಯ ಬಾಗಿಲಲ್ಲಿ ನಿಂತೆ. “ಮೇಡಂ, ನಮ್ಮ ಹೆಸರಿನ ಎನ್ ಮೇಲೆ ಒಂದು ಅಲೆ ಇದೆ.”

“ಅಯ್ಯೋ, ನಮ್ಮ ಕಂಪ್ಯೂಟರು ಅದನ್ನ ತಗೊಳಲ್ವಲ್ಲಾ.”

“ಪೆನ್ಸಿಲು ತಗೊಳುತ್ತೆ ಮೇಡಂ,” ಎಂದುಬಿಟ್ಟೆ.

ಅವರು ನಕ್ಕು, ಚೀಟಿಯ ಮೇಲೆ ಬಾಗಿ ಅಲೆ ಹಾಕಿದರು. ಆದರೆ ಅಲೋಂದ್ರಾ ಎಂಬುದರ ಎನ್ ಮೇಲೆ. ಇನ್ನೊಂದು ಸಲ ಹೇಳುವಷ್ಟು ಧೈರ್ಯ ನನ್ನಲ್ಲಿ ಉಳಿದಿರಲಿಲ್ಲ.

ಮಗಳು ಬೆರಳು ಚಾಚಿದಳು. “ಅಲ್ಲಲ್ಲ ಮಿಸ್, ಅದು ನಂದು. ಅಲೆ ಇರೋದು ಅಪ್ಪನ ಹೆಸರಿಗೆ. ಇಲ್ಲಿ.”

ಮೇಡಂ ರಬ್ಬರಿಗಾಗಿ ಡ್ರಾಯರು ತೆರೆದರು.